ಬಣ್ಣ ಹೊಡೆಯೋ ಮುಂಚೆ ನೋಡು

ಬಳ್ಳಾರಿ
ಶುಕ್ರವಾರ ರಾತ್ರಿ

ದೋಸ್ತಾ,

ಮಧ್ಯಾಹ್ನ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು, "ಕಾರು ರಿಪೇರಿಗೆ ಯಾವ ಶೆಡ್ಡಿಗೆ ಬಿಡ್ಲಿ, ಹೇಳಲೇ." ಒಂದು ಹೆಸರು ಹೇಳಿ ಮುಗಿಸಬಹುದಿತ್ತು, ಹೇಳಲಿಲ್ಲ. ಯಾರೋ ಹೇಳಿದ ಹೆಸರು ನಂಬಿಕೊಂಡು ಹೋಗಿಯೇ ನಾನು ಒಮ್ಮೆ ಕೆಟ್ಟವನು. ಕುಡತಿನಿ ಹತ್ತಿರ ಆ ಅದಿರು ಲಾರಿ ಒತ್ತಿಕೊಂಡು ಬಂದಾಗ ನಿನಗೆ ಒಂದು ಗೀರೂ ಆಗಲಿಲ್ಲವಲ್ಲ, ಅದೇ ದೊಡ್ಡದು. ಎಡಗಡೆ ಬಾಗಿಲು, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಬಂಪರ್ ಅಷ್ಟೇ ತಾನೆ? ಆತುರ ಮಾಡಬೇಡ.

ನನ್ನ ಹಳೇ ಕಾರು ನೆನಪಿದೆಯಲ್ಲ, ಮೋತಿ ಸರ್ಕಲ್ ಹತ್ತಿರ ಆಟೋದವನು ಬಾಗಿಲಿಗೆ ಗುದ್ದಿದ್ದು. ಎರಡು ದಿನ ಅಂದ ಶೆಡ್ಡಿನವರು ಒಂದೂವರೆ ದಿನಕ್ಕೇ ಕೊಟ್ಟರು. ಕನ್ನಡಿ ಹಂಗೆ ಹೊಳೀತಿತ್ತು. ಖುಷಿಯಾಗಿ ಹುಡುಗರ ಚಹಾಕ್ಕೆ ಅಂತ ಮೇಲೆ ಇನ್ನೂರು ಕೊಟ್ಟು ಬಂದೆ. ನಮ್ಮ ಊರಿನ ಒಂದು ಬೇಸಿಗೆ ಕಳೆಯಿತು ನೋಡು, ಬಾಗಿಲ ಮೇಲೆ ಕೂದಲೆಳೆಯಷ್ಟು ಬಿರುಕು. ಮಳೆಗಾಲಕ್ಕೆ ಅದು ಗುಳ್ಳೆಯಾಯಿತು. ಬೇರೆ ಟಿಂಕರ್ ಮಿಸ್ತ್ರಿಗೆ, ಅಂದರೆ ತಗಡು ಬಡಿಯೋನಿಗೆ, ತೋರಿಸಿದೆ. ಆತ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಮೀಟಿದ. ಒಣ ರೊಟ್ಟಿಯ ಚೂರಿನ ಹಂಗೆ ಪುಟ್ಟಿ, ಅದೇ ಗುಂಡಿ ತುಂಬೋಕೆ ಮೆತ್ತೋ ಪೇಸ್ಟು, ಎದ್ದು ಬಂತು, ಬೆರಳ ದಪ್ಪ. ಕೆಳಗೆ ಆಟೋ ಗುದ್ದಿದ ಗುಂಡಿ ಹಂಗೇ ಇತ್ತು, ತುಕ್ಕು ಹಿಡಿದಿತ್ತು. "ಅಣ್ಣ, ಇವ್ರು ತಗಡು ಬಡಿದೇ ಇಲ್ಲ, ಗೋಡೆಗೆ ಗಾರೆ ಮೆತ್ತಿದಂಗೆ ಮೆತ್ಯಾರೆ" ಅಂದ.

ಪುಟ್ಟಿಯೇ ತಪ್ಪು ಅಂತಲ್ಲ. ತಗಡನ್ನು ಒಳಗಿನಿಂದ ಬಡಿದು, ಎಳೆದು ಮಟ್ಟಕ್ಕೆ ತಂದ ಮೇಲೆ ಸುತ್ತಿಗೆಯ ಗುರುತು ಉಳಿದಿರುತ್ತೆ. ಅದನ್ನು ಮುಚ್ಚೋಕೆ ತೆಳ್ಳಗೆ, ಎರಡು ಮೂರು ಮಿಲಿಮೀಟರ್ ಒಳಗೆ ಸವರಬೇಕು. ಆಮೇಲೆ ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಬಡಿಯೋಕೆ ಕೈಚಳಕ ಬೇಕು, ಅರ್ಧ ದಿನ ಬೇಕು. ಮೆತ್ತೋಕೆ ಹತ್ತು ನಿಮಿಷ ಸಾಕು. ಬಣ್ಣ ಬಿದ್ದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ನನ್ನಂಥವರು ಮೋಸ ಹೋಗೋದು ಅಲ್ಲೇ. ಅದಕ್ಕೇ ಶೆಡ್ಡಿಗೆ ಹೋದವನು ಮೊದಲು ಇದನ್ನ ಕೇಳು: "ತಗಡು ಬಡಿದ ಮೇಲೆ, ಪುಟ್ಟಿ ಹಚ್ಚೋ ಮುಂಚೆ ಫೋನ್ ಮಾಡ್ತೀರಾ? ಬಂದು ನೋಡ್ತೀನಿ." ಧಾರಾಳವಾಗಿ ಬನ್ನಿ ಅನ್ನುವವನ ಹತ್ತಿರ ಮಾತು ಮುಂದುವರಿಸು. "ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್" ಅಂತ ಮುಖ ಊದಿಸಿಕೊಂಡರೆ ಚಹಾ ಕುಡಿದು ಎದ್ದು ಬಾ.

ಇನ್ನೊಂದು. ರಸ್ತೆಯಲ್ಲಿ ನಿಂತೇ "ಹತ್ತು ಸಾವಿರ ಕೊಡಿ, ಸಂಜೆಗೆ ಒಯ್ಯಿರಿ" ಅನ್ನುವವನು ಬೇಡ. ಬಂಪರ್ ಬಿಚ್ಚಿ ನೋಡದೆ ರೇಟು ಹೇಳೋಕೆ ಬರಲ್ಲ. ಪ್ಲಾಸ್ಟಿಕ್ ಬಂಪರ್ ಒತ್ತಿಸಿಕೊಂಡು ಮತ್ತೆ ತನ್ನ ಆಕಾರಕ್ಕೆ ಬಂದುಬಿಡುತ್ತೆ, ಹಿಂದಿನ ಬ್ರಾಕೆಟ್ಟು, ಹೆಡ್‌ಲೈಟ್ ಕೂರುವ ಜಾಗ, ಫೆಂಡರಿನ ಒಳಗಿನ ತಗಡು ಏಪ್ರನ್ ಸೊಟ್ಟಗಾಗಿದ್ದರೂ ಹೊರಗೆ ಕಾಣಲ್ಲ. ನೀನೇ ಒಮ್ಮೆ ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಅಗಲ ಇದೆಯಾ ನೋಡು. ಎಡಕ್ಕೆ ಹೆಚ್ಚುಕಮ್ಮಿ ಇದ್ದರೆ ಏಟು ಒಳಗೂ ಹೋಗಿರಬಹುದು. ನಿನ್ನ ಕಾರಿನ ಫೆಂಡರ್ ಬೋಲ್ಟ್ ಮೇಲೆ ಕೂತಿದ್ದು, ತೀರಾ ನುಜ್ಜಾಗಿದ್ದರೆ ಬದಲಾಯಿಸಿಬಿಡಬಹುದು. ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನಲ್ ಆಗಿದ್ದರೆ ಕತೆ ಬೇರೆ, ಅದು ಕಾರಿನ ಬಾಡಿ ಜೊತೆಗೇ ವೆಲ್ಡ್ ಆಗಿರೋದು. ಸಣ್ಣ ಗುಂಡಿಗೂ ಅದನ್ನು ಕತ್ತರಿಸಿ ಹೊಸದು ಹಾಕೋಣ ಅನ್ನುವವನು ಸಿಕ್ಕರೆ ಓಡು.

ಬಣ್ಣ ಎಲ್ಲಿ ಹೊಡೀತಾರೆ ಅನ್ನೋದನ್ನೂ ನೋಡಿಕೊ. ಸಂಡೂರು, ತೋರಣಗಲ್ಲು ರಸ್ತೆಯ ಕೆಂಪು ಧೂಳು ನಿನಗೆ ನಾನು ಹೇಳಬೇಕಾ? ಬಯಲಲ್ಲಿ ಹೊಡೆದರೆ ಹಸಿ ಬಣ್ಣದ ಮೇಲೆ ಧೂಳು ಕೂತು, ಕೈ ಆಡಿಸಿದರೆ ರವೆ ಸವರಿದ ಹಂಗೆ. ಬಣ್ಣ ಹೊಡೆಯೋಕೆ ಮುಚ್ಚಿದ ಬೂತ್, ಅಂದರೆ ಕೋಣೆ, ಇರಬೇಕು. ನಿನ್ನದು ಸಿಲ್ವರ್ ಬೇರೆ, ಶೇಡ್ ಕೂಡಿಸೋದು ಕಷ್ಟದ ಕೆಲಸ. ಕಾರಿನ ಮೇಲೇ ಸ್ಟಿಕರಿನಲ್ಲೋ ಪ್ಲೇಟಿನಲ್ಲೋ ಬಣ್ಣದ ಕೋಡ್ ಇರುತ್ತೆ, ಅದನ್ನು ನೋಡಿ ಬೆರೆಸುತ್ತಾರಾ, ಕಣ್ಣಂದಾಜಾ ಕೇಳು. ಕಾರು ವಾಪಸ್ ತಗೊಳ್ಳೋಕೆ ಬೆಳಗ್ಗೆ ಬಿಸಿಲಿಗೇ ಹೋಗು. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಬಾಗಿಲೂ ಒಂದೇ ಬಣ್ಣ.

ಇನ್ಶೂರೆನ್ಸ್ ವಿಷಯ. ಕಂಪನಿಗೆ ತಿಳಿಸಿ, ನಷ್ಟ ಅಂದಾಜು ಮಾಡೋ ಸರ್ವೇಯರ್ ನೋಡೋವರೆಗೆ ಯಾರ ಕೈಯಿಂದಲೂ ಒಂದು ಬೋಲ್ಟ್ ಬಿಚ್ಚಿಸಬೇಡ. ನಿನ್ನದು ಜೀರೋ ಡೆಪ್, ಅಂದರೆ ಭಾಗಗಳ ಸವಕಳಿ ಅಂತ ದುಡ್ಡು ಕಡಿಯದ ಪಾಲಿಸಿಯಾ? ಅಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಕಡಿತ, ಅಂದರೆ ಹೊಸ ಬಂಪರಿನ ಅರ್ಧ ದುಡ್ಡು ನಿನ್ನ ಜೇಬಿಂದಲೇ. ಅದರ ಮೇಲೆ 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ 1,000 ರೂಪಾಯಿ ನೀನೇ ಕೊಡಬೇಕು. ಕ್ಲೇಮ್ ಮಾಡಿದರೆ ಬೋನಸ್ಸೂ, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿಯೂ, ಹೋಗುತ್ತೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20% ಇರೋದು, ಐದು ವರ್ಷ ಇಲ್ಲದಿದ್ದರೆ 50% ಆಗುತ್ತೆ. ರಿಪೇರಿ ಖರ್ಚು ಸಣ್ಣದಾದರೆ ಸುಮ್ಮನೆ ಕೈಯಿಂದ ಕೊಡೋದೇ ಲಾಭ ಇರಬಹುದು, ಒಮ್ಮೆ ಲೆಕ್ಕ ಹಾಕು. "ಹಳೇ ಗೀರುಗಳನ್ನೂ ಇದರಲ್ಲೇ ಸೇರಿಸಿ ಬಿಲ್ ಮಾಡ್ತೀನಿ ಸಾರ್" ಅಂತ ಮಿಸ್ತ್ರಿ ಆಸೆ ತೋರಿಸ್ತಾನೆ. ಕಂಪನಿಗೆ ಸುಳ್ಳು ಬಿಲ್ ಬರೆಯೋ ಕೈ ನಿನಗೆ ನಿಜ ಬರೆಯುತ್ತಾ?

ಭಾನುವಾರ ಬೆಳಗ್ಗೆ ಬರ್ತೀನಿ. ಹಳೇ ಸ್ಪೀಕರಿನ ಆಯಸ್ಕಾಂತ ತರ್ತೀನಿ, ಬಟ್ಟೆ ಸುತ್ತಿ ಬಾಗಿಲಿಗೆ ಹಿಡಿದರೆ ಪುಟ್ಟಿ ದಪ್ಪ ಇರೋ ಕಡೆ ಕಚ್ಚಲ್ಲ. ಮೂರು ಶೆಡ್ ಸುತ್ತೋಣ, ಅಲ್ಲಿ ರಿಪೇರಿ ಆಗಿ ನಿಂತ ಬೇರೆಯವರ ಕಾರಿನ ಮೇಲೆ ಕೇಳಿಕೊಂಡು ಹಿಡಿದು ನೋಡೋಣ. ಬೈಸಿಕೊಂಡರೆ ಇಬ್ಬರೂ ಬೈಸಿಕೊಳ್ಳೋಣ. ಶನಿವಾರವೇ ಕಾರು ತೊಳೆದಿಡು, ಆ ಕೆಂಪು ಮಣ್ಣಿನ ಕೆಳಗೆ ಗೀರು ಎಲ್ಲಿ, ಗುಂಡಿ ಎಲ್ಲಿ ಒಂದೂ ಗೊತ್ತಾಗಲ್ಲ. ತಂಗಿಗೆ ಹೇಳು, ಒಗ್ಗರಣೆ ಮಿರ್ಚಿ ಮಾಡಿದ್ದರೆ ನಾನು ಮನೆಯಲ್ಲಿ ತಿಂದು ಬರಲ್ಲ.

ನಿನ್ನ
ಹಳೇ ಬೆಂಚಿನ ದೋಸ್ತ