ಅಮ್ಮನ ಕಿವಿ ಮಿಷನ್ ಬೀರುವಿನಲ್ಲಿ ಇಡಬೇಡ

ಲೀಡ್ಸ್, ಇಂಗ್ಲೆಂಡ್, ಭಾನುವಾರ ರಾತ್ರಿ

ಪುಟ್ಟಿ,

ಎಲ್ಲರೂ ಚೆನ್ನಾಗಿದ್ದೀರಾ? ನಾನು ಚೆನ್ನಾಗಿದ್ದೇನೆ. ಮಂಡಿ ಆಪರೇಷನ್‌ಗೆ ದಿನ ಗೊತ್ತಾಗಿದ್ದು ಒಳ್ಳೆಯದಾಯಿತು. ಆದರೆ ಕಾಗದದ ಕೊನೆಯಲ್ಲಿ "ಆಸ್ಪತ್ರೆಯಲ್ಲಿ ಕಳೆದುಹೋದರೆ ಕಷ್ಟ, ಅಮ್ಮನ ಕಿವಿ ಮಿಷನ್ ಬೀರುವಿನಲ್ಲೇ ಇಟ್ಟು ಹೋಗುತ್ತೇವೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬೇಡ, ದಯವಿಟ್ಟು ಹಾಗೆ ಮಾಡಬೇಡ.

ಅಮ್ಮ ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನುವುದಿಲ್ಲ. ನಕ್ಕು ಹೂಂ ಅನ್ನುತ್ತಾಳೆ. ಕಣ್ಣಿನ ಪೊರೆ ತೆಗೆಸಿದಾಗ ನೋಡಲಿಲ್ವಾ? ನೋವಿದೆಯಾ ಅಂದರೂ ಹೂಂ, ನೋವು ಹೋಯ್ತಾ ಅಂದರೂ ಹೂಂ. ಯಾವ ಮಾತ್ರೆ ಆಗಿಬರುವುದಿಲ್ಲ ಅಂತ ಕೇಳಿದಾಗಲೂ ಹೂಂ ಅಂದರೆ ಏನು ಗತಿ? ಮನೆಯಲ್ಲಾದರೆ ನಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಅಲ್ಲಿ ಮಾಸ್ಕ್ ಹಾಕಿದವರೇ ಜಾಸ್ತಿ.

ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಕೆಲವು ದಿನ ಗಲಿಬಿಲಿ ಆಗುವುದುಂಟು. ಎಲ್ಲಿದ್ದೇನೆ, ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಕಿವಿಯೂ ಕೇಳಿಸದಿದ್ದರೆ ಇನ್ನೂ ಕಷ್ಟ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಏನು ಕೇಳಿದರೂ ಏನೇನೋ ಹೇಳುತ್ತಿದ್ದರು. ಮರೆವಿನ ಕಾಯಿಲೆ ಅಂದುಕೊಂಡಿದ್ದೆವು. ಸಂಜೆ ಮಗಳು ಬಂದು ಮಿಷನ್ನಿನ ಸೆಲ್ ಬದಲಾಯಿಸಿದಳು. ಅಜ್ಜ ಹೆಸರು, ಊರು, ವಾರ ಎಲ್ಲ ಸರಿಯಾಗಿ ಹೇಳಿದರು. ಅವತ್ತು ನನಗೆ ಅಮ್ಮನೇ ಕಣ್ಮುಂದೆ ಬಂದಳು.

ಕಳೆಯುತ್ತದೆ ಅನ್ನುವ ನಿನ್ನ ಭಯ ಸುಳ್ಳಲ್ಲ. ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟರೆ ಕಸದ ಬುಟ್ಟಿಗೆ ಹೋಗುತ್ತದೆ. ದಿಂಬಿನ ಪಕ್ಕ ಬಿಟ್ಟರೆ ಬೆಡ್‌ಶೀಟ್ ಜೊತೆ ಒಗೆಯಲು ಹೋಗುತ್ತದೆ. ಅದಕ್ಕೇ ಮುಚ್ಚಳ ಇರುವ ಒಂದು ಡಬ್ಬಿ ತಗೋ. ಮೇಲೆ ಅಮ್ಮನ ಹೆಸರು, ನಿನ್ನ ಫೋನ್ ನಂಬರ್ ದಪ್ಪಗೆ ಬರಿ. ಮಿಷನ್ ಕಿವಿಯಲ್ಲಿರಬೇಕು, ಇಲ್ಲಾ ಡಬ್ಬಿಯಲ್ಲಿರಬೇಕು. ರಾತ್ರಿ ಡಬ್ಬಿಗೆ ಹಾಕುವಾಗ ಸೆಲ್ಲಿನ ಬಾಗಿಲು ತೆಗೆದಿಡು. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಡು, ಅದು ಗಾಳಿ ಕುಡಿದೇ ಕೆಲಸ ಶುರು ಮಾಡುವುದು. ಅಮ್ಮನದು 13ನೇ ನಂಬರ್, ಕಿತ್ತಳೆ ಸ್ಟಿಕ್ಕರ್. ಒಂದು ಪ್ಯಾಕ್ ಜಾಸ್ತಿಯೇ ಇರಲಿ. ನಿನ್ನ ಮಗನ ಕೈಗೆ ಮಾತ್ರ ಸಿಗದ ಹಾಗೆ ನೋಡಿಕೋ, ನುಂಗಿದರೆ ತುಂಬಾ ಅಪಾಯ. ಕೆಂಪು ಗುರುತಿನದು ಬಲಕಿವಿಗೆ, ನೀಲಿ ಎಡಕ್ಕೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವುದಾದರೆ ಅಮ್ಮನಿಗೆ ಎಚ್ಚರ ಇರಬಹುದು. ಒಳಗೆ ಎಲ್ಲಿಯವರೆಗೆ ಮಿಷನ್ ಹಾಕಿಕೊಂಡಿರಬಹುದು ಅಂತ ಅರಿವಳಿಕೆ ಡಾಕ್ಟರನ್ನು ಮೊದಲೇ ಕೇಳು. ತೆಗೆಯಲೇಬೇಕು ಅಂದರೆ ಡಬ್ಬಿ ನಿನ್ನ ಕೈಯಲ್ಲಿರಲಿ, ಅಮ್ಮ ಕಣ್ಣು ಬಿಟ್ಟ ತಕ್ಷಣ ಹಾಕಿಸು. ಎಂಆರ್‌ಐ ಇದ್ದರೆ ಮಾತ್ರ ಆ ಕೋಣೆಯ ಹೊರಗೇ ತೆಗೆದಿಡಬೇಕು. ಒಳಗಿನ ಅಯಸ್ಕಾಂತಕ್ಕೆ ಮಿಷನ್ ಹಾಳಾಗುತ್ತದೆ. ಮಲಗಿದಾಗ ಸಿಳ್ಳೆ ಹೊಡೆದರೆ ಗಾಬರಿ ಬೇಡ, ದಿಂಬು ಒತ್ತಿರುತ್ತದೆ ಅಷ್ಟೆ. ಮಂಚದ ತಲೆಯ ಹತ್ತಿರ "ಕಿವಿ ಮಂದ. ಮಿಷನ್ ಹಾಕಿ, ಎದುರು ನಿಂತು ನಿಧಾನವಾಗಿ ಮಾತಾಡಿ" ಅಂತ ಒಂದು ಚೀಟಿ ಅಂಟಿಸು.

ಇಲ್ಲಿ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ 1948ರಲ್ಲಿ ಶುರುವಾದಾಗಿನಿಂದಲೂ ಕಿವಿ ಮಿಷನ್ ಪುಕ್ಕಟೆ. ಲೆಕ್ಕಕ್ಕೆ ಎರವಲು, ಸೆಲ್ಲಿಗೂ ದುಡ್ಡಿಲ್ಲ. ಹಾಗಂತ ನಮ್ಮದೇನೂ ಕಡಿಮೆಯಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಅಮ್ಮನಿಗೆ ಎಷ್ಟು ತಾಳ್ಮೆಯಿಂದ ಕಿವಿಯ ಅಚ್ಚು ತೆಗೆದರು! ಅದನ್ನು ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಅಮ್ಮನಿಗೆ ಏನೂ ಆಗುವುದಿಲ್ಲ. ಇಲ್ಲಿ ಮಂಡಿ ಆಪರೇಷನ್ ಆದವರನ್ನು ಮಾರನೇ ದಿನವೇ ನಡೆಸುತ್ತೇವೆ. ನಿಜವಾಗಲೂ ಹೆದರಬೇಡ, ನಾನೂ ಹೆದರಿಲ್ಲ. ನನ್ನ ಊಟ ತಿಂಡಿ ಎಲ್ಲ ಚೆನ್ನಾಗಿದೆ, ಚಳಿಯೂ ಅಷ್ಟಿಲ್ಲ. ದುಡ್ಡು ಶುಕ್ರವಾರ ಹಾಕಿದ್ದೇನೆ, ಬಂತಾ ನೋಡು. ಡ್ಯೂಟಿಗೆ ಬಸ್ಸಿನ ಹೊತ್ತಾಯಿತು. ಆಪರೇಷನ್ ಮುಗಿದು ಅಮ್ಮನಿಗೆ ಎಚ್ಚರವಾದ ಕೂಡಲೇ ಫೋನ್ ಮಾಡು, ಮಿಷನ್ ಹಾಕಿಸಿ ಕೊಡು, ಅವಳ ಹತ್ತಿರ ಮಾತಾಡಬೇಕು.

ನಿನ್ನ
ಅಕ್ಕ