ದಣಿವಿಗೆ ಸೋಮಾರಿತನದ ಹೆಸರಿಡಬೇಡ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿದೆ, ಜೊತೆಗಿದ್ದ ಪತ್ರವನ್ನೂ ಓದಿದೆ. 'ನಾನು ಸೋಮಾರಿ, ಬಯ್ದು ದಾರಿಗೆ ತನ್ನಿ' ಅಂತ ಬರೆದಿದ್ದೀಯ. ಬಯ್ಯುವುದಿದೆ, ಆದರೆ ಅದಕ್ಕಲ್ಲ. ಕಥಾಹಂದರ, ಸಂಭಾಷಣೆ, ಪ್ರಕಾಶಕರು ಇವೆಲ್ಲ ಸದ್ಯಕ್ಕೆ ಪಕ್ಕಕ್ಕಿರಲಿ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ.

ಮೊದಲ ಅಧ್ಯಾಯದಲ್ಲಿ ಆ ಮುದುಕಿ ಚಿಲಕ ಹಾಕುವ ಮುನ್ನ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾಳೆ. ಎಷ್ಟು ಚೆನ್ನಾಗಿ ನೋಡಿದ್ದೀಯ! ಒಂಬತ್ತನೆಯ ಅಧ್ಯಾಯಕ್ಕೆ ಬಂದರೆ ಅವಳು ಬರೀ 'ನಿಟ್ಟುಸಿರು ಬಿಟ್ಟಳು'. ಎರಡು ಪುಟದಲ್ಲಿ ಐದು ಸಲ ನಿಟ್ಟುಸಿರು. ದೃಶ್ಯ ಹೋಗಿ ವರದಿ ಉಳಿದಿದೆ. ಅದಕ್ಕಿಂತ ನೋವಾದದ್ದು, ನಿನ್ನ ಪಾತ್ರಗಳ ಮೇಲೆ ನಿನಗೇ ಹುಟ್ಟಿರುವ ತಾತ್ಸಾರ. ಸೋಮಾರಿಯಾದವಳು ಕೆಲಸ ಮುಂದೂಡಿ ಹಾಯಾಗಿರುತ್ತಾಳೆ. ನೀನು ದಿನವೂ ಕೂತು, ಬರೆದದ್ದನ್ನು ಹೊಡೆದುಹಾಕಿ, ರಾತ್ರಿ ನಿದ್ದೆಗೆಡುತ್ತಿದ್ದೀಯ. ಇದು ಬರ್ನ್‌ಔಟ್, ಕೆಲಸದ ಒತ್ತಡದಲ್ಲಿ ಒಳಗೇ ಬತ್ತಿಹೋಗುವುದು.

1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಇದರ ಬಗ್ಗೆ ಬರೆದಾಗ ಅವರ ಕಣ್ಣಮುಂದಿದ್ದವರು ಉಚಿತ ಚಿಕಿತ್ಸಾಲಯಗಳಲ್ಲಿ ಜೀವ ತೇಯುತ್ತಿದ್ದ ಜನ, ಮೈಗಳ್ಳರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎನ್ನುತ್ತದೆ. ಲಕ್ಷಣ ಮೂರು: ತ್ರಾಣವೇ ಇಲ್ಲದಂಥ ಬಳಲಿಕೆ, ಮಾಡುವ ಕೆಲಸದ ಬಗ್ಗೆ ತಾತ್ಸಾರ, ಏನು ಮಾಡಿದರೂ ಸರಿಬರುತ್ತಿಲ್ಲವೆಂಬ ಭಾವ. ನಿನ್ನ ಪತ್ರದಲ್ಲಿ ಮೂರೂ ಇವೆ.

ಆದರೂ ನನ್ನ ಮಾತನ್ನೇ ನಂಬಿ ಕೂರಬೇಡ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಹೀಗೇ ಸುಸ್ತಾಗುತ್ತದೆ. ವೈದ್ಯರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸು. ಬರವಣಿಗೆಯಷ್ಟೇ ಅಲ್ಲ, ಊಟ, ಸ್ನೇಹಿತರು, ಹಾಡು ಯಾವುದೂ ಬೇಡವೆನಿಸುವುದು ಎರಡು ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಬೇಕು. ಬದುಕೇ ಬೇಡ ಅನ್ನಿಸಿದರೆ ಅದೇ ದಿನ ವೈದ್ಯರ ಹತ್ತಿರ ಹೋಗು.

'ಏನಾದರಾಗಲಿ, ದಿನಕ್ಕೆ ಸಾವಿರ ಪದ ಬರೆ' ಎಂದು ನಿನಗೆ ಹೇಳಿದವರ ಮೇಲೆ ನನಗೆ ಸಿಟ್ಟಿದೆ. ಗಟ್ಟಿಯಿರುವವರಿಗೆ ಆ ಮಾತು ಸರಿ. ಬತ್ತಿದವರಿಗೆ ಹೇಳಿದರೆ ಉಳಿದದ್ದನ್ನೂ ಹಿಂಡಿದಂತೆ. 'ಎಷ್ಟು ಬೇಗ ಬರೆದುಕೊಡ್ತೀರಿ!' ಎಂದು ಹೊಗಳುವ ಸಂಪಾದಕರ ಮೇಲಿನ ಸಿಟ್ಟು ಇನ್ನೂ ಹಳೆಯದು. ಆ ಹೊಗಳಿಕೆಯ ಬೆನ್ನಿಗೇ ಮುಂದಿನ ಗಡುವು ಬರುತ್ತದೆ.

ರಜೆ ಹಾಕಿ ಎಲ್ಲಾದರೂ ಹೋಗಿ ಬಂದರೆ ಸಾಕೆಂದುಕೊಂಡಿದ್ದೀಯಲ್ಲ, ಸಾಲದು. ಬಂದ ಮೇಲೆ ಅದೇ ಹೊರೆ ಕಾದಿದ್ದರೆ ಕೆಲವೇ ವಾರಗಳಲ್ಲಿ ಮತ್ತೆ ಅಲ್ಲಿಗೇ ಬರುತ್ತೀಯ. ಮೊದಲು ಹೊರೆ ಇಳಿಸು. ಒಪ್ಪಿಕೊಂಡ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆ. ಹೊಟ್ಟೆಪಾಡಿನದನ್ನು ಬಿಟ್ಟು ಉಳಿದವುಗಳಲ್ಲಿ ಅರ್ಧಕ್ಕೆ 'ಆಗುವುದಿಲ್ಲ' ಅನ್ನು. ಎರಡೇ ವಾಕ್ಯ ಸಾಕು: ಒಪ್ಪಿದ್ದನ್ನು ಮಾಡಲಾಗುತ್ತಿಲ್ಲ, ದಯವಿಟ್ಟು ಬೇರೆಯವರಿಗೆ ಕೊಡಿ. ಕಾರಣ ವಿವರಿಸಲು ಹೋಗಬೇಡ. ವಿವರಿಸಿದರೆ ಚೌಕಾಸಿ ಶುರುವಾಗುತ್ತದೆ.

ಆಮೇಲೆ ಮೂರು ವಾರ ಕಾದಂಬರಿ ಮುಟ್ಟಬೇಡ. 'ಸುಮ್ಮನೆ ತಿದ್ದುತ್ತೇನೆ' ಅನ್ನುವುದೂ ಕೆಲಸವೇ. ದಿನವೂ ಒಂದೇ ಹೊತ್ತಿಗೆ ಏಳು, ಬಿಸಿಲಿರುವಾಗ ಅರ್ಧ ಗಂಟೆ ನಡೆ, ವಿಮರ್ಶೆ ಬರೆಯಬೇಕಿಲ್ಲದ ಪುಸ್ತಕ ಓದು. ಮೊದಲ ವಾರ ಇನ್ನಷ್ಟು ಸುಸ್ತೆನಿಸಬಹುದು, ಹೆದರಬೇಡ.

ನಾಲ್ಕನೇ ವಾರದಿಂದ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕೇ ದಿನ. ಕಾದಂಬರಿಯಲ್ಲ, ಕಣ್ಣೆದುರಿನ ಯಾವುದಾದರೂ ಒಂದರ ಬಗ್ಗೆ ಕೈಯಲ್ಲಿ ಬರೆ. ಪದ ಎಣಿಸಬೇಡ. ಎಲ್ಲರೂ ಎಡವುವುದು ಇಲ್ಲೇ: ಒಂದು ದಿನ ಬರವಣಿಗೆ ಸಲೀಸಾಗಿ ಬರುತ್ತದೆ, ಖುಷಿಯಲ್ಲಿ ನಾಲ್ಕು ಗಂಟೆ ಕೂರುತ್ತಾರೆ, ಮರುದಿನದಿಂದ ಮೂರು ದಿನ ಏಳಲಾಗುವುದಿಲ್ಲ. ಎಷ್ಟೇ ಚೆನ್ನಾಗಿ ಬರುತ್ತಿದ್ದರೂ ಇಟ್ಟುಕೊಂಡ ಹೊತ್ತು ಮುಗಿದ ಕೂಡಲೇ ಏಳು, ವಾಕ್ಯ ಅರ್ಧಕ್ಕೇ ಇರಲಿ. ವಾರಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಏರಿಸಬೇಡ. ನಿದ್ದೆ ಕೆಟ್ಟರೆ, ಸಣ್ಣದಕ್ಕೂ ರೇಗುವುದು ಶುರುವಾದರೆ, ಹಿಂದಿನ ವಾರದ ಅಳತೆಗೇ ಮರಳು.

ಹಸ್ತಪ್ರತಿ ನನ್ನ ಹತ್ತಿರವೇ ಇರಲಿ. ಕೇಳಿದರೂ ಈಗ ಕೊಡುವುದಿಲ್ಲ. 'ಆಗುವುದಿಲ್ಲ' ಎಂದು ಬರೆದ ಪತ್ರಗಳ ಪ್ರತಿ ಮೊದಲು ನನಗೆ ಕಳಿಸು.

ನಿನ್ನ ಅಕ್ಕ