ಫ್ಯಾನ್ ಆಫ್ ಮಾಡಿದ ಆ ಅಕ್ಕನಿಗೆ

ಕಳೆದ ತಿಂಗಳು ನನ್ನ ಮಗನಿಗೆ 18 ತುಂಬಿತು. ಅವನಿಗೆ ಆಟಿಸಂ ಇದೆ, ಮಾತು ತೀರಾ ಕಡಿಮೆ. ಇನ್ನು ಅವನ ಖಾತೆಗೆ ನಿಮ್ಮ ಸಹಿ ನಡೆಯುವುದಿಲ್ಲ ಅಂತ ಬ್ಯಾಂಕಿನವರು ಹೇಳಿದಾಗ ಕೈಕಾಲೇ ಆಡಲಿಲ್ಲ. ಹೆತ್ತವರಾದರೂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಕಾನೂನುಬದ್ಧ ಪೋಷಕರಾಗಬೇಕು, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು ಅಂತ ಆಮೇಲೆ ಗೊತ್ತಾಯ್ತು.

ಅವನನ್ನೂ ಕರೆದುಕೊಂಡು ಮಣಿಪಾಲದ ರಜತಾದ್ರಿಗೆ, ಅಂದರೆ ಉಡುಪಿ ಜಿಲ್ಲಾಧಿಕಾರಿ ಕಚೇರಿಗೆ ಹೋದೆ. ಕೋಣೆಯ ಫ್ಯಾನ್ ಕರಕರ ಅನ್ನುತ್ತಿತ್ತು. ಮಗ ಕಿವಿ ಮುಚ್ಚಿಕೊಂಡು ಕೂಗತೊಡಗಿದ. ಎಲ್ಲರೂ ತಿರುಗಿ ನೋಡಿದರು. ವಾಪಸ್ ಹೋಗೋಣ ಅಂತ ಎದ್ದೆ.

ಮೇಜಿನ ಆಚೆ ಇದ್ದ ನೀವು ಏನೂ ಕೇಳದೆ ಫ್ಯಾನ್ ಆಫ್ ಮಾಡಿದಿರಿ. ಆ ಸೆಕೆಯಲ್ಲಿ! ಜೆಮ್ ಕ್ಲಿಪ್ಪಿನ ಡಬ್ಬಿಯನ್ನು ಅವನ ಮುಂದಿಟ್ಟಿರಿ. ಒಂದೊಂದೇ ಕ್ಲಿಪ್ ಸಾಲಾಗಿ ಜೋಡಿಸುತ್ತಾ ಅವನು ಸುಮ್ಮನಾದ. ನೀವು ಕುತ್ತಿಗೆಯ ಬೆವರನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ನನ್ನ ಅರ್ಜಿಯನ್ನು ಪೂರ್ತಿ ಓದಿದಿರಿ. ಅವನ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಜೆರಾಕ್ಸ್ ನಾನು ತಂದಿರಲಿಲ್ಲ. "ಅವನನ್ನು ಎಬ್ಬಿಸ್ಬೇಡಿ ಅಕ್ಕ, ನಾನೇ ಮಾಡಿಸಿ ತರ್ತೇನೆ" ಅಂತ ಎದ್ದು ಹೋದಿರಿ. ನಿರಾಮಯ ವಿಮೆ ಮಾಡಿಸಿದ್ದೀರಾ, 1 ಲಕ್ಷದವರೆಗೆ ಚಿಕಿತ್ಸೆಗೆ ಸಿಗ್ತದೆ ಅಂತಲೂ ನೆನಪಿಸಿದಿರಿ.

ಕೊನೆಗೆ ಅವನ ಹೆಸರು ಹಿಡಿದು ಕರೆದು, "ಅಮ್ಮ ನಿನ್ನ ಪರವಾಗಿ ಸಹಿ ಹಾಕಿದ್ರೆ ಆಗ್ತದಾ?" ಅಂತ ಅವನನ್ನೇ ಕೇಳಿದಿರಿ. ಇಷ್ಟು ವರ್ಷ ಯಾವ ಕಚೇರಿಯಲ್ಲೂ ಯಾರೂ ಅವನನ್ನು ಏನೂ ಕೇಳಿದ್ದಿಲ್ಲ. ನನಗೆ ಕಣ್ಣು ತುಂಬಿ ಬಂತು, ನಿಮ್ಮ ಹೆಸರು ಕೇಳಲೂ ಮರೆತೆ. ತುಂಬಾ ಧನ್ಯವಾದ ಅಕ್ಕ.

ಅವನು ನಿಮಗೊಂದು ಕ್ಲಿಪ್ ಕೊಟ್ಟ. ನೀವು ಅದನ್ನು ಬಳೆಗೆ ಸಿಕ್ಕಿಸಿಕೊಂಡಿರಿ.